ಘಟಪ್ರಭಾತೀರದ ಶೋಕಗೀತ

ಕನ್ನಡ ಕಾವ್ಯದಲ್ಲಿ ಕರುಣರಸದ ಸ್ಥಾನವೇನೆಂಬುದನ್ನು ಕುರಿತು ವಿದ್ವಾಂಸರು ಸಾಕಷ್ಟು ಬರೆದಿರುವರು. ರನ್ನನ ದುರ್ಯೋಧನನು ರಣರಂಗದಲ್ಲಿ ಮಾಡಿದ ಪ್ರಲಾಪವನ್ನೂ, ರಾಘವಾಂಕನ ಚಂದ್ರಮತಿಯು ಲೋಹಿತಾಶ್ವನ ಕಳೇಬರದ ಮುಂದೆ ಮಾಡಿದ ಪ್ರಲಾಪವನ್ನೂ ಕಲಿಸದ ಸಾಹಿತ್ಯೋಪಾಧ್ಯಾಯರು ಇರಲಾರರು. ಆದರೆ ಕಾವ್ಯದ ಶೋಕವು ಬೇರೆ, ಮನೆಯಂಗಳದ ಶೋಕವು ಬೇರೆ. ಸತ್ತವರ ತಲೆದೆಸೆಯಲ್ಲಿ ಕುಳಿತು ಹೆಂಗಸರು ಹಾಡಿ ಅಳುವ ಹಾಡಿಗೆ ಒಂದು ಇತಿಹಾಸವುಂಟೇ, ಉಂಟಾದರೆ ಅದನ್ನು ಯಾವ ಆಧಾರದಿಂದ ಬರೆಯಬೇಕು ಎಂಬ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ವಿರಳ. ಶಾಸನಗಳು ಇಲ್ಲಿ ನೆರವಿಗೆ ಬರುವುದಿಲ್ಲ. ನಮ್ಮ ನಾಡಿನ ವೀರಗಲ್ಲುಗಳಲ್ಲಿ ಸಾಮಾನ್ಯವಾಗಿ ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕೊಂಡೊಯ್ಯುವ ನೋಟ, ಮೇಲೆ ಶಿವಸಾನ್ನಿಧ್ಯ. ಹಿಂದುಳಿದ ತಾಯಿಯ ಅಳುವಿಗೆ ಆ ಪಟ್ಟಿಕೆಗಳಲ್ಲಿ ಎಡೆಯಿಲ್ಲ. ಕಲ್ಲು ಸತ್ತವನ ಕೀರ್ತಿಯನ್ನು ಕಾದಿಟ್ಟಿತು, ಬದುಕಿದವರ ಕಣ್ಣೀರನ್ನು ಕಾದಿಡಲಿಲ್ಲ.

ಈ ಪ್ರಶ್ನೆಯನ್ನು ಇಟ್ಟುಕೊಂಡು ನೋಡುವುದಕ್ಕೆ ಬೆಳಗಾವಿ ಜಿಲ್ಲೆಯ ಹುಕ್ಕೇರಿ, ಗೋಕಾಕ, ಮೂಡಲಗಿ ಸೀಮೆಯು ತಕ್ಕ ಕ್ಷೇತ್ರವಾಗಿರುವುದು. ಮೂಡಲಗಿಯು ಈಚಿನ ವರ್ಷಗಳಲ್ಲಿ ಗೋಕಾಕದಿಂದ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕಾಯಿತೇ ಹೊರತು ಭಾಷೆಯಲ್ಲಿಯೂ ಆಚಾರದಲ್ಲಿಯೂ ಮೂರೂ ಒಂದೇ ನಾಡು. ಸಹ್ಯಾದ್ರಿಯಿಂದ ಇಳಿದು ಬರುವ ಘಟಪ್ರಭೆಯು ಹುಕ್ಕೇರಿ ಸೀಮೆಯಲ್ಲಿ ಹಿರಣ್ಯಕೇಶಿಯನ್ನು ಕೂಡಿಕೊಂಡು, ಗೋಕಾಕದ ಬಂಡೆಗಳಿಂದ ಧುಮುಕಿ, ಮುಂದೆ ರನ್ನನ ಹುಟ್ಟೂರಾದ ಮುಧೋಳವನ್ನು ಹಾಯ್ದು ಕೃಷ್ಣೆಯನ್ನು ಸೇರುವಳು. ಈ ನದಿಯ ನೀರುಂಡು ಬೆಳೆದ ಊರುಗಳು ಜನಪದ ವಾಙ್ಮಯಕ್ಕೆ ಸಲ್ಲಿಸಿದ ಕಾಣಿಕೆಯು ಅಲ್ಪವಲ್ಲ. ಕೃಷ್ಣಪಾರಿಜಾತದ ಆಟವನ್ನು ನೆಲೆಗೊಳಿಸಿದ ತಮ್ಮಣ್ಣನು ಕುಲಗೋಡದವನು. ಆ ಆಟಕ್ಕೆ ಹೆಸರು ತಂದ ನಿಂಗಮ್ಮ ಕೌಜಲಗಿಯವಳು. ಬೆಟಗೇರಿ ಕೃಷ್ಣಶರ್ಮರು ಗೋಕಾಕ ತಾಲ್ಲೂಕಿನ ಬೆಟಗೇರಿಯವರು. ಚಂದ್ರಶೇಖರ ಕಂಬಾರರು ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯವರು. ಪಾರಿಜಾತದಲ್ಲಿ ಸತ್ಯಭಾಮೆಯ ಅಳಲು ಬೇಕಾದಷ್ಟುಂಟು. ಆದರೆ ಅದು ವಿರಹದ ಅಳಲು, ಮರಣದ್ದಲ್ಲ. ಆದುದರಿಂದ ಪ್ರಕೃತ ವಿಷಯಕ್ಕೆ ಅದು ಹೊರಗು.

ಈ ಸೀಮೆಯ ಆಡುಮಾತಿನಲ್ಲಿ ಒಂದು ನುಡಿಗಟ್ಟುಂಟು: ಹಾಡ್ಯಾಡಿ ಅಳುವುದು. ಬರಿಯ ಅಳುವಿಗೂ ಇದಕ್ಕೂ ಇರುವ ಅಂತರವನ್ನು ಇಲ್ಲಿಯ ಜನರು ಚೆನ್ನಾಗಿ ಬಲ್ಲರು. ಎಳೆಯ ಕೂಸು ಅಳುತ್ತದೆ. ಬುದ್ಧಿ ಬಲಿತ ಹೆಂಗಸು ಹಾಡ್ಯಾಡಿ ಅಳುತ್ತಾಳೆ. ಸತ್ತವನು ಮಲಗಿರುವನೆಂದೇ ಭಾವಿಸಿ ಅವನನ್ನು ಎಬ್ಬಿಸಲೆತ್ನಿಸುವುದು, ಅವನು ಉಟ್ಟ ಬಟ್ಟೆ ಹಿಡಿದ ನೇಗಿಲು ಕಟ್ಟಿದ ಎತ್ತುಗಳನ್ನು ಹೆಸರಿಸಿ ಹೇಳುವುದು, ಬಿಟ್ಟುಹೋದುದಕ್ಕಾಗಿ ಅವನನ್ನೇ ದೂರುವುದು, ದೂರಿದ ಬಳಿಕ ತನ್ನ ಹಣೆಯಬರೆಹವನ್ನು ಹಳಿದುಕೊಳ್ಳುವುದು, ಇವು ಅದರ ಮೈಕಟ್ಟು. ಅದಕ್ಕೆ ತ್ರಿಪದಿಯಂತೆ ಕಟ್ಟುನಿಟ್ಟಾದ ಛಂದಸ್ಸಿಲ್ಲ. ಉಸಿರೇ ಅದರ ಮಾತ್ರೆ. ಮಾತು ಮೇಲುಸ್ವರದಲ್ಲಿ ಹೊರಟು ಇಳಿಯುತ್ತ ಇಳಿಯುತ್ತ ಅಪ್ಪಾ ಎಂದೋ ಅವ್ವಾ ಎಂದೋ ಅಣ್ಣಾ ಎಂದೋ ಒಂದು ಬಂಧುವಾಚಕದ ಮೇಲೆ ನಿಂತು ಒಡೆಯುವುದು. ಆ ಒಡೆದ ಸ್ವರವನ್ನು ಪಕ್ಕದವಳು ಎತ್ತಿಕೊಳ್ಳುವಳು. ದೂರದೂರಿನಿಂದ ಬಂದ ತವರಿನವರು ಅಗಸೆಯಲ್ಲಿ ಕಾಲಿಟ್ಟೊಡನೆ ಅಳುವಿನ ಎಳೆ ಮತ್ತೆ ಮೊದಲಾಗುವುದು. ಎಷ್ಟು ಚೆನ್ನಾಗಿ ಹಾಡ್ಯಾಡಿ ಅತ್ತಳು ಎಂದು ಮುದುಕಿಯರು ಮೆಚ್ಚಿ ಮಾತಾಡಿಕೊಳ್ಳುವುದೂ ಉಂಟು. ಇದು ಕೇವಲ ಭಾವೋದ್ರೇಕವಲ್ಲ, ಕಲಿತು ಬಂದ ಒಂದು ವಿದ್ಯೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹೀಗಿದ್ದರೂ ಈ ವಿದ್ಯೆಯು ಗ್ರಂಥಸ್ಥವಾದುದು ತೀರ ಕಡಮೆ. ಹಲಸಂಗಿಯ ಗೆಳೆಯರು ೧೯೩೧ರಲ್ಲಿ ‘ಗರತಿಯ ಹಾಡು’ ಎಂಬ ಸಂಗ್ರಹವನ್ನು ಹೊರತಂದ ಮೇಲೆ ಬೀಸುವ ಹಾಡು, ಕುಟ್ಟುವ ಹಾಡು, ಸೋಬಾನೆ, ಲಾವಣಿ ಎಲ್ಲಕ್ಕೂ ಸಂಗ್ರಾಹಕರು ದೊರೆತರು. ಹಾಡ್ಯಾಡಿ ಅಳುವ ಹಾಡಿಗೆ ಮಾತ್ರ ಅಂಥ ಭಾಗ್ಯ ಬರಲಿಲ್ಲ. ಕಾರಣವು ಸ್ಪಷ್ಟ. ಬೀಸುಕಲ್ಲಿನ ಹಾಡನ್ನು ಯಾವ ಹೊತ್ತಿನಲ್ಲಾದರೂ ಹೇಳಿಸಿಕೊಂಡು ಬರೆದುಕೊಳ್ಳಬಹುದು. ಆದರೆ ಹೆಣವಿಲ್ಲದ ಮನೆಯಲ್ಲಿ ಹೆಣದ ಹಾಡನ್ನು ಹಾಡು ಎಂದರೆ ಹಾಡುವವರಾರು? ಅದು ಅಶುಭ, ಮನೆಗೆ ಕೇಡು. ಹೆಣವಿರುವ ಮನೆಗೆ ಕಾಗದ ಲೆಕ್ಕಣಿಕೆಗಳನ್ನು ಹಿಡಿದುಕೊಂಡು ಹೋಗುವುದಂತೂ ಮನುಷ್ಯಧರ್ಮವಲ್ಲ. ತಮಿಳುನಾಡಿನ ಒಪ್ಪಾರಿಯನ್ನು ಹಾಡಲು ಹಣಕ್ಕೆ ಬರುವ ಹಾಡುಗಾರ್ತಿಯರಿರುವುದರಿಂದ ಅಲ್ಲಿ ಸಂಗ್ರಹಕಾರ್ಯವು ಸುಲಭವಾಯಿತು. ಘಟಪ್ರಭೆಯ ದಡದಲ್ಲಿ ಬಂಧುಗಳೇ ಅಳುವರು, ಬಾಡಿಗೆಯ ಅಳುವಿಲ್ಲ. ಆದುದರಿಂದ ಇಲ್ಲಿಯ ಹಾಡು ಅತ್ತವಳ ಗಂಟಲಲ್ಲಿಯೇ ಆರಿಹೋಗುವುದು.

ಅಶುಭವೆಂಬ ಭಾವನೆಯಷ್ಟೇ ಅಡ್ಡಿಯಾಗಿದ್ದರೆ ಮಾತು ಬೇರೆಯಾಗುತ್ತಿತ್ತು. ಶಾಸ್ತ್ರವೂ ಅಡ್ಡಗಟ್ಟಿ ನಿಂತಿರುವುದು. ಬಂಧುಗಳು ಸುರಿಸುವ ಕಣ್ಣೀರನ್ನೂ ಶ್ಲೇಷ್ಮವನ್ನೂ ಪ್ರೇತವು ಪರವಶವಾಗಿ ಉಣ್ಣಬೇಕಾಗುವುದರಿಂದ ಅಳಬಾರದೆಂದೂ, ಶಕ್ತ್ಯನುಸಾರ ಕ್ರಿಯೆಗಳನ್ನು ಮಾಡತಕ್ಕದ್ದೆಂದೂ ಯಾಜ್ಞವಲ್ಕ್ಯಸ್ಮೃತಿಯ ಪ್ರಾಯಶ್ಚಿತ್ತಾಧ್ಯಾಯವು ವಿಧಿಸುತ್ತದೆ. ಕಾಳಿದಾಸನು ರಘುವಂಶದ ಎಂಟನೆಯ ಸರ್ಗದಲ್ಲಿ ಅಜನನ್ನು ಸಂತೈಸಲು ವಸಿಷ್ಠಶಿಷ್ಯನ ಬಾಯಲ್ಲಿ ಇದೇ ಅರ್ಥದ ಮಾತನ್ನು ಇಟ್ಟಿರುವನು. ಆದರೆ ಅದಕ್ಕೆ ಮೊದಲು ಅಜನನ್ನು ಮನದಣಿಯೆ ಅಳಿಸಿರುವನೆಂಬುದನ್ನು ಮರೆಯಬಾರದು. ಹನ್ನೆರಡನೆಯ ಶತಮಾನದ ಶರಣರು ಮರಣವನ್ನು ಹಬ್ಬವೆಂದೇ ಬಗೆದರು. ಲಿಂಗೈಕ್ಯನಾದವನಿಗಾಗಿ ಗೋಳಿಡುವುದು ಅವರ ಸಿದ್ಧಾಂತಕ್ಕೆ ಹೊಂದುವುದಿಲ್ಲ. ಇಸ್ಲಾಮಿನ ಹದೀಸುಗಳೂ ಎದೆ ಬಡಿದುಕೊಂಡು ಬೊಬ್ಬಿಡುವ ರೋದನವನ್ನು ನಿಷೇಧಿಸಿರುವುವು. ದೂರದ ಐರ್ಲೆಂಡಿನಲ್ಲಿ ಸತ್ತವರ ಮುಂದೆ ಹಾಡಿ ಅಳುವ ಹೆಂಗಸರ ಪದ್ಧತಿಯನ್ನು ೧೭ನೆಯ ಶತಮಾನದ ಕ್ಯಾಥೊಲಿಕ್ ಧರ್ಮಸಭೆಗಳು ಮತ್ತೆ ಮತ್ತೆ ಖಂಡಿಸಿದುವು. ಮತ್ತೆ ಮತ್ತೆ ಖಂಡಿಸಬೇಕಾಯಿತೆಂಬುದೇ ಆ ಪದ್ಧತಿಯು ನಿಲ್ಲಲಿಲ್ಲವೆಂಬುದಕ್ಕೆ ಪ್ರಮಾಣ. ೧೭೭೩ರಲ್ಲಿ ಕಾರ್ಕ್ ಪ್ರಾಂತದಲ್ಲಿ ಆರ್ಟ್ ಓ ಲಿಯರಿ ಎಂಬ ಯೋಧನು ಗುಂಡಿಗೆ ಬಲಿಯಾದಾಗ ಅವನ ಪತ್ನಿ ಐಲೀನ್ ಹಾಡಿದಳೆನ್ನಲಾದ ಶೋಕಗೀತವು ಬಾಯಿಂದ ಬಾಯಿಗೆ ಹರಿದುಬಂದು, ಬಳಿಕ ಲಿಖಿತವಾಗಿ, ಐರಿಷ್ ಸಾಹಿತ್ಯದ ಹಿರಿಯ ಕೃತಿಗಳಲ್ಲೊಂದೆಂದು ಮನ್ನಣೆ ಪಡೆಯಿತು. ಅದರಲ್ಲಿಯೂ ಸತ್ತವನನ್ನು ಎಬ್ಬಿಸುವುದು, ಅವನ ಕುದುರೆಯನ್ನೂ ಉಡುಪನ್ನೂ ನೆನೆಯುವುದು, ಮನೆಯವರನ್ನು ದೂರುವುದು ಇರುವುವು. ಗೋಕಾಕದ ರೈತಗಿತ್ತಿಗೂ ಆ ಗೃಹಿಣಿಗೂ ಯಾವ ಕೊಳುಕೊಡೆಯೂ ಇಲ್ಲ. ಆದರೂ ಮೈಕಟ್ಟು ಒಂದೇ.

ಶಾಸ್ತ್ರವು ಬೇಡವೆಂದುದನ್ನು ಕವಿಗಳು ಕಾವ್ಯದೊಳಕ್ಕೆ ಬರಮಾಡಿಕೊಂಡರು. ಆದಿಕಾವ್ಯವು ಕ್ರೌಂಚಿಯ ಅಳುವಿನಿಂದ ಹುಟ್ಟಿತೆಂಬ ಐತಿಹ್ಯವೂ, ಮಹಾಭಾರತದಲ್ಲಿ ಸ್ತ್ರೀಪರ್ವವೆಂಬ ಒಂದು ಪರ್ವವೇ ಇರುವುದೂ, ಕುಮಾರಸಂಭವದ ರತಿವಿಲಾಪವೂ ಪ್ರಸಿದ್ಧವಾದುವು. ಇವೆಲ್ಲಕ್ಕಿಂತ ಪ್ರಕೃತಕ್ಕೆ ಹತ್ತಿರವಾದವನು ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನ. ಬಳೆಗಾರನು ಮನೆಮನೆಯ ಹಿತ್ತಿಲನ್ನು ಕಂಡವನು, ಹೆಂಗಸರ ಸುಖದುಃಖಗಳಿಗೆ ಕಿವಿಯಾದವನು. ಗದಾಯುದ್ಧದಲ್ಲಿ ದುರ್ಯೋಧನನು ಸಂಜಯನೊಡನೆ ಹೆಣಗಳ ನಡುವೆ ನಡೆಯುತ್ತ ಮಗ ಲಕ್ಷ್ಮಣಕುಮಾರನನ್ನು ಕಂಡಾಗ, ತಂದೆಗೆ ಮಗನು ಕೊಡಬೇಕಾದ ಜಲಾಂಜಲಿಯನ್ನು ಮಗನಿಗೆ ತಂದೆಯು ಕೊಡುವಂತಾಯಿತಲ್ಲಾ ಎಂದು ಮರುಗುವನು. ದುಶ್ಶಾಸನನನ್ನು ಕಂಡಾಗ, ಮೊಲೆವಾಲಿನಿಂದ ಮೊದಲುಗೊಂಡು ಎಲ್ಲವನ್ನೂ ನನ್ನ ಬಳಿಕವೇ ಉಂಡವನು ಸಾವಿನಲ್ಲಿ ಮಾತ್ರ ನನಗಿಂತ ಮುಂದಾದೆ ಎಂದು ದೂರುವನು. ಸಂಸ್ಕೃತದ ವೇಣೀಸಂಹಾರ ಮೊದಲಾದುವುಗಳಿಗೆ ರನ್ನನು ಋಣಿಯೆಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ಸತ್ತವನನ್ನು ಹೀಗೆ ಮನೆಯ ಮಾತಿನಿಂದ, ಹಾಲು ಅನ್ನಗಳ ಲೆಕ್ಕದಿಂದ, ಹಿರಿಯ ಕಿರಿಯರ ಸರದಿ ತಪ್ಪಿತೆಂಬ ನ್ಯಾಯದಿಂದ ದೂರುವ ಕ್ರಮವು ಘಟಪ್ರಭೆಯ ದಡದ ಹೆಂಗಸರದು. ಸರದಿ ತಪ್ಪಿದ ಸಾವನ್ನು ಕುರಿತು ಈ ಸೀಮೆಯಲ್ಲಿ ಇಂದಿಗೂ ಅಳುವವರು ಹಿಡಿಯುವ ಮೊದಲ ಎಳೆ ಇದೇ. ರನ್ನನು ಪಂಡಿತರಿಂದ ವ್ಯಾಕರಣವನ್ನು ಕಲಿತನು. ಅಳುವುದನ್ನು ಕೇರಿಯಲ್ಲಿ ಕಲಿತಿರಬೇಕು.

ಇರಲಿ. ಕವಿಗೆ ದೊರೆತ ಈ ಸ್ವಾತಂತ್ರ್ಯವು ಜನಕ್ಕೂ ಒಂದು ಬಗೆಯಲ್ಲಿ ದೊರೆತಿತ್ತು. ಮನೆಯ ಸಾವಿಗೆ ಅಳುವುದು ನಿಷಿದ್ಧವಾದರೂ ದೇವರ ಸಾವಿಗೆ ಅಳುವುದಕ್ಕೆ ಯಾರ ಅಪ್ಪಣೆಯೂ ಬೇಡ. ಫಾಲ್ಗುಣದಲ್ಲಿ ಕಾಮನನ್ನು ಸುಟ್ಟು ಗಂಡಸರು ಬಾಯಿ ಬಡಿದುಕೊಂಡು ಲಬೋ ಲಬೋ ಎನ್ನುವರು. ಭಾದ್ರಪದದಲ್ಲಿ ಬುಟ್ಟಿಯಲ್ಲಿ ಕುಳಿತು ಮನೆಮನೆಗೆ ಬರುವ ಮಣ್ಣಿನ ಜೋಕುಮಾರನು ಏಳು ದಿನ ಮೆರೆದು ಹುಣ್ಣಿಮೆಯ ಹೊತ್ತಿಗೆ ಸಾಯುವನು. ಅವನ ಮೂರ್ತಿಯು ಅಗಸರ ಕಲ್ಲಿನಡಿಗೆ ಸೇರುವುದು, ಅವನನ್ನು ಹೊತ್ತು ತಂದ ಹೆಂಗಸರು ಅವನಿಗಾಗಿ ಅಳುವರು, ಕೆಲವು ದಿನ ಅಗಸರು ಹೊಳೆಗೆ ಹೋಗುವುದಿಲ್ಲ. ನೆರೆಯ ಸವದತ್ತಿಯಲ್ಲಿ ಜಮದಗ್ನಿಯ ವಧೆಯ ನೆನಪಿಗೆ ಹೊಸ್ತಿಲ ಹುಣ್ಣಿಮೆಯಂದು ಎಲ್ಲಮ್ಮನು ವಿಧವೆಯಾಗುವಳು. ಅವಳ ಹೆಸರಿನಲ್ಲಿ ಬಳೆಗಳು ಒಡೆಯುವುವು. ಮಾಘದ ಭಾರತ ಹುಣ್ಣಿಮೆಗೆ ಅವಳು ಮರಳಿ ಮುತ್ತೈದೆಯಾಗುವಳು. ಈ ಮೂರರಲ್ಲಿಯೂ ಅಳುವಿಗೆ ಎಡೆಯುಂಟು, ಆದರೆ ಅದು ಬೆಳೆಯದ ಅಳು. ಕಾಮನ ಅಳು ನಗೆಯಲ್ಲಿ ಮುಗಿಯುವುದು. ಜೋಕುಮಾರನ ಅಳು ಮಳೆಬೆಳೆಗಳ ಹರಕೆಯಲ್ಲಿ ಕರಗುವುದು. ಎಲ್ಲಮ್ಮನ ವೈಧವ್ಯಕ್ಕೆ ಅವಧಿಯುಂಟು. ಸತ್ತವನು ಮರಳಿ ಬಾರನೆಂಬ ಕೊನೆಯ ಮಾತನ್ನು ಇವುಗಳಲ್ಲಿ ಯಾವುದೂ ಆಡುವುದಿಲ್ಲ.

ಆ ಮಾತನ್ನು ಆಡಿದುದು ಮೊಹರಮ್ಮಿನ ಹಾಡು. ಈ ಸೀಮೆಯವರು ಅದನ್ನು ಅಲಾವಿ ಹಬ್ಬವೆಂದೂ ಐಸುರವೆಂದೂ ಕರೆಯುವರು. ದೇವರನ್ನು ಕೂರಿಸುವ ಮಸೂತಿಯ ಮುಂದೆ ತೋಡುವ ಬೆಂಕಿಯ ಕುಣಿಯೇ ಅಲಾವಿ; ಅರಬಿಯ ಆಶೂರಾ ಎಂಬ ಶಬ್ದವು ಬಾಯಲ್ಲಿ ತಿರುಗಿ ಐಸುರವಾಗಿರುವುದು. ಒಂಬತ್ತನೆಯ ರಾತ್ರಿಯು ಕತಲರಾತ್ರಿ, ಹತ್ತನೆಯ ದಿನ ದಫನ. ಆ ದಿನಗಳಲ್ಲಿ ಹಾಡುವ ಪದಗಳಿಗೆ ರಿವಾಯತ ಪದಗಳೆಂದೂ ಅಲಾವಿ ಪದಗಳೆಂದೂ ಹೆಸರು. ರಿವಾಯತವೆಂದರೆ ಒಬ್ಬರಿಂದೊಬ್ಬರಿಗೆ ಹೇಳಿಕೆಯಾಗಿ ಬಂದ ವೃತ್ತಾಂತ. ನಮ್ಮ ಐತಿಹ್ಯಶಬ್ದಕ್ಕೆ ಅದು ಸಮೀಪ.

ವೃತ್ತಾಂತವಾದರೋ ಎಲ್ಲರೂ ಬಲ್ಲದ್ದು. ಹಿಜರಿ ೬೧ರ ಮೊಹರಮ್ ತಿಂಗಳ ಹತ್ತರಂದು, ಎಂದರೆ ಕ್ರಿ. ಶ. ೬೮೦ರ ಅಕ್ಟೋಬರ್ ೧೦ರಂದು, ಪ್ರವಾದಿಯವರ ಮೊಮ್ಮಗನಾದ ಹುಸೇನನು ಯಜೀದನ ಸೈನ್ಯಕ್ಕೆ ಸಿಕ್ಕಿ, ಯೂಫ್ರೆಟಿಸ್ ನದಿಯ ನೀರು ಕಣ್ಣಿಗೆ ಕಾಣುತ್ತಿದ್ದರೂ ಬಾಯಿಗೆ ದೊರೆಯದೆ, ಕರ್ಬಲಾದ ಬಯಲಿನಲ್ಲಿ ತನ್ನ ಸಣ್ಣ ಪರಿವಾರದೊಡನೆ ಮಡಿದನು. ಹೆರಾತದ ಹುಸೇನ್ ವಾಯಿಜ್ ಕಾಶಿಫಿಯು ೧೫೦೨ರ ಸುಮಾರಿಗೆ ‘ರೌಜತುಶ್ ಶುಹದಾ’ ಎಂಬ ಪಾರಸಿ ಗ್ರಂಥದಲ್ಲಿ ಈ ಕಥೆಯನ್ನು ಹೃದಯ ಕರಗುವಂತೆ ವಿಸ್ತರಿಸಿದನು. ಹೆಚ್ಚುಕಡಮೆ ಅದೇ ಹೊತ್ತಿಗೆ ವಿಜಾಪುರದ ಯೂಸುಫ್ ಆದಿಲಶಾಹನು ತನ್ನ ರಾಜ್ಯದಲ್ಲಿ ಶಿಯಾ ಪದ್ಧತಿಯ ಖುತಬೆಯನ್ನು ಓದಿಸಿದನು. ೧೫೦೩ರಲ್ಲಿ ಅಶ್ರಫ್ ಬಯಾಬಾನಿಯು ದಕ್ಖನಿ ಭಾಷೆಯಲ್ಲಿ ‘ನೌಸರಹಾರ’ವೆಂಬ ಕರ್ಬಲಾಕಾವ್ಯವನ್ನು ಬರೆದನು. ಮೂರು ಸಂಗತಿಗಳು ಒಂದೆರಡು ವರ್ಷಗಳ ಅಂತರದಲ್ಲಿ ಒದಗಿಬಂದುದು ಕಾಕತಾಳೀಯವಿರಬಹುದು. ಆದರೆ ದಕ್ಷಿಣದಲ್ಲಿ ಶೋಕಗೀತಕ್ಕೆ ನೆಲ ಹದವಾದುದು ಆಗಲೇ. ಮುಂದೆ ವಿಜಾಪುರದ ಅರಸುಗಳಲ್ಲಿ ಕೆಲವರು ಸುನ್ನಿಗಳು, ಕೆಲವರು ಶಿಯಾಗಳು. ಒಂದನೆಯ ಇಬ್ರಾಹಿಮನು ತೆಗೆದುದನ್ನು ಒಂದನೆಯ ಅಲಿಯು ೧೫೫೮ರಲ್ಲಿ ಪಟ್ಟಕ್ಕೆ ಬಂದು ಮರಳಿ ತಂದನು. ಎರಡನೆಯ ಅಲಿ ಆದಿಲಶಾಹನ ಕಾಲದಲ್ಲಿ (೧೬೫೬–೧೬೭೨) ಮರ್ಸಿಯಾ ಎಂಬ ಶೋಕಕಾವ್ಯವು ಆಸ್ಥಾನದಲ್ಲಿ ಉಚ್ಛ್ರಾಯಸ್ಥಿತಿಗೆ ಬಂದಿತು. ಮಿರ್ಜಾ ಎಂಬ ಕವಿಯು ಅದರಲ್ಲಿಯೇ ಖ್ಯಾತನಾದನು. ಅರಸನೂ ಸ್ವತಃ ಬರೆದನು.

ಹುಕ್ಕೇರಿಯು ಈ ರಾಜ್ಯದ ಪಶ್ಚಿಮದ ಒಂದು ಮುಖ್ಯ ಠಾಣ್ಯವಾಗಿತ್ತು. ಊರ ಬಳಿ ನಿಂತಿರುವ ಮೂರು ಗುಮ್ಮಟಗಳು ಆ ಕಾಲದ ಅಧಿಕಾರಿಗಳ ಸ್ಮಾರಕಗಳು. ಬೆಳಗಾವಿಯಲ್ಲಿ ೧೫೪೯ರಲ್ಲಿ ತೀರಿಕೊಂಡ ಅಸದಖಾನ ಲಾರಿಯು ಶಿಯಾ ಮತದವನೆಂದು ಖ್ಯಾತನಾದವನು. ಹಬ್ಬವು ಠಾಣ್ಯದಿಂದ ಹಳ್ಳಿಗೆ, ಸರದಾರನ ಅಂಗಳದಿಂದ ಗೌಡನ ಚಾವಡಿಗೆ ಇಳಿಯಲು ಇಂಥ ದಾರಿಗಳು ತೆರೆದಿದ್ದುವು. ೧೬೮೬ರಲ್ಲಿ ಔರಂಗಜೇಬನು ವಿಜಾಪುರವನ್ನು ಗೆದ್ದನು. ಆಸ್ಥಾನದ ಮರ್ಸಿಯಾಕ್ಕೆ ಆಶ್ರಯ ತಪ್ಪಿತು. ಹಳ್ಳಿಯ ಹಬ್ಬಕ್ಕೆ ಅರಸನ ಹಂಗಿರಲಿಲ್ಲವಾದುದರಿಂದ ಅದು ಉಳಿಯಿತು. ಪಾರಸಿ, ದಕ್ಖನಿ ಎರಡನ್ನೂ ಅರಿಯದ ಕುರುಬರು, ಬೇಡರು, ಲಿಂಗವಂತರು, ಹೊಲೆಮಾದಿಗರು ಅದರಲ್ಲಿ ಕೂಡಿಕೊಂಡರು. ಕಥೆಯು ಕನ್ನಡವಾಗಲೇಬೇಕಾಯಿತು.

ಕನ್ನಡವಾದುದೆಂದರೆ ಬರಿಯ ಭಾಷಾಂತರವಾಯಿತೆಂದು ತಿಳಿಯಬಾರದು. ಆಸ್ಥಾನದ ಮರ್ಸಿಯಾದ ವಾಕ್‌ಸರಣಿ ಬೇರೆ. ಅಲ್ಲಿ ಉಪಮೆಗಳ ಮೆರವಣಿಗೆ. ರಿವಾಯತ ಪದಗಾರನಿಗೆ ಶೋಕವನ್ನು ನುಡಿಯಬೇಕಾದಾಗ ಎದುರಿಗೆ ಇದ್ದ ಮಾದರಿಯು ಒಂದೇ: ಅವನ ತಾಯಿಯೋ ಅಕ್ಕನೋ ಹೆಣದ ಮುಂದೆ ಹಾಡ್ಯಾಡಿ ಅತ್ತ ಬಗೆ. ಆದುದರಿಂದಲೇ ಈ ಪದಗಳಲ್ಲಿ ಕಾದಾಟಕ್ಕಿಂತ ಅಳುವು ಹೆಚ್ಚು, ಗಂಡಸರಿಗಿಂತ ಹೆಂಗಸರ ಮಾತು ಹೆಚ್ಚು. ಚರಿತ್ರೆಯ ಪ್ರಕಾರ ಬೀಬಿ ಫಾತಿಮಾ ತೀರಿಕೊಂಡದ್ದು ೬೩೨ರಲ್ಲಿ, ಕರ್ಬಲಾಕ್ಕೆ ನಲವತ್ತೆಂಟು ವರ್ಷ ಮೊದಲು. ಹಾಡಿನಲ್ಲಿ ಮಾತ್ರ ಅವಳು ಮಕ್ಕಳಿಗಾಗಿ ಕಣ್ಣೀರಿಡುವಳು. ಸ್ವರ್ಗದಲ್ಲಿರುವ ತಾಯಿಯು ಮಗನಿಗಾಗಿ ಅಳುವಳೆಂಬ ಭಾವನೆಯು ಶಿಯಾ ಪರಂಪರೆಯಲ್ಲಿ ಮೊದಲೇ ಉಂಟು. ಕನ್ನಡದ ಪದಗಾರನು ಆ ತಾಯಿಯನ್ನು ಸ್ವರ್ಗದಿಂದ ಇಳಿಸಿ ಅಂಗಳದಲ್ಲಿ ಕೂರಿಸಿದನು. ಮಗ ಸತ್ತ ಮನೆಯಲ್ಲಿ ಮೊದಲು ಅಳುವ ಹಕ್ಕು ಹಡೆದವಳದು. ಅವಳಿಲ್ಲದೆ ಹಾಡು ಎತ್ತುವುದು ಈ ನಾಡಿನ ನ್ಯಾಯಕ್ಕೆ ಒಪ್ಪಿಗೆಯಾಗುವಂತಿರಲಿಲ್ಲ.

ಇನ್ನೊಂದು ನಿದರ್ಶನವು ಕಾಸೀಮನ ಮದುವೆ. ಹಸನನ ಮಗನಾದ ಕಾಸೀಮನಿಗೆ ಯುದ್ಧದ ನಡುವೆಯೇ ಹುಸೇನನ ಮಗಳೊಡನೆ ಮದುವೆಯಾಗಿ, ಅರಿಸಿನ ಒಣಗುವ ಮೊದಲೇ ಅವನು ಮಡಿದನೆಂಬ ಈ ಕಥೆಯು ಪ್ರಾಚೀನ ಇತಿಹಾಸಕಾರರಲ್ಲಿ ದೊರೆಯುವುದಿಲ್ಲ. ಅದಕ್ಕೆ ಪ್ರಚಾರ ದೊರೆತುದು ಕಾಶಿಫಿಯ ಗ್ರಂಥದಿಂದ. ಇತಿಹಾಸದ ದೃಷ್ಟಿಯಿಂದ ದುರ್ಬಲವಾದ ಈ ಪ್ರಸಂಗವೇ ಕನ್ನಡದ ಹಾಡುಗಳಲ್ಲಿ ಪ್ರಬಲವಾಗಿರುವುದು ವಿಚಾರಣೀಯ. ಬಾಸಿಂಗ, ಅರಿಸಿನ, ಹಸಿರು ಬಳೆ, ಹಂದರ ಇವುಗಳ ಮಾತು ಬಂದೊಡನೆ ಕೇಳುವವರ ಕಣ್ಣಿಗೆ ಕಟ್ಟುವುದು ಅರಬಸ್ತಾನದ ಮರಳಲ್ಲ, ತಮ್ಮ ಕೇರಿಯ ಮದುವೆಮನೆ. ಬಳೆ ಒಡೆಯುವ ಮಾತು ಬಂದಾಗ ಸವದತ್ತಿಯ ಹೊಸ್ತಿಲ ಹುಣ್ಣಿಮೆಯ ನೆನಪು ಬಾರದಿರಲು ಸಾಧ್ಯವೇ? ಎಲ್ಲಮ್ಮನ ಗುಡ್ಡಕ್ಕೆ ಹೋಗಿಬಂದ ಹೆಂಗಸೇ ಅಲಾವಿಯ ಕುಣಿಯ ಸುತ್ತ ಉಪ್ಪು ಊದುಬತ್ತಿ ಹಿಡಿದು ನಿಲ್ಲುವವಳು. ಎಲ್ಲಮ್ಮನ ವೈಧವ್ಯಕ್ಕೆ ಕೊನೆಯುಂಟು. ಕಾಸೀಮನ ಮದುವಣಗಿತ್ತಿಗೆ ಭಾರತ ಹುಣ್ಣಿಮೆಯಿಲ್ಲ. ಅಲ್ಲಿ ತಡೆದು ನಿಂತ ಅಳು ಇಲ್ಲಿ ಕಟ್ಟೆಯೊಡೆಯುವುದು.

ನೀರಡಿಕೆಯ ಪ್ರಸಂಗವನ್ನೂ ಇದೇ ಬಗೆಯಲ್ಲಿ ನೋಡತಕ್ಕದ್ದು. ಗೋಕಾಕದ ಮೂಡಣ ಭಾಗವು ಮಳೆ ಕಡಮೆಯಾದ ಎರೆಯ ಸೀಮೆ. ಹೊಳೆ ಕಣ್ಣಿಗೆ ಕಾಣುತ್ತಿದ್ದು ಹೊಲಕ್ಕೆ ನೀರು ಸಿಕ್ಕದ ಬದುಕನ್ನು ತಲೆತಲಾಂತರದಿಂದ ಬಾಳಿದ ಜನಕ್ಕೆ ಅಬ್ಬಾಸನು ತೊಗಲಚೀಲದಲ್ಲಿ ನೀರು ತರಲು ಹೋಗಿ ಕೈ ಕಳೆದುಕೊಂಡ ಕಥೆಯನ್ನು ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ. ಹಬ್ಬದ ದಿನ ಬಂದವರಿಗೆಲ್ಲ ಪಾನಕವನ್ನು ಹಂಚುವುದರ ಅರ್ಥವನ್ನು ಹುಡುಗರೂ ಬಲ್ಲರು.

ಹೀಗೆ ನೋಡಿದರೆ ರಿವಾಯತ ಪದಗಳನ್ನು ಕುರಿತ ಎರಡು ರೂಢಿಯ ಅಭಿಪ್ರಾಯಗಳು ನಿಲ್ಲಲಾರವು. ಮೊದಲನೆಯದು, ಇವು ಮುಸಲ್ಮಾನರ ಮತೀಯ ಸಾಹಿತ್ಯವೆಂಬುದು. ಹಾಡುವವರಲ್ಲಿ ಬಹುಮಂದಿ ಮುಸಲ್ಮಾನರಲ್ಲ. ಸವದತ್ತಿ ತಾಲ್ಲೂಕಿನ ಹಿರೇಬಿದನೂರಿನಂಥ ಊರಲ್ಲಿ ಮುಸಲ್ಮಾನರ ಮನೆಯೇ ಇಲ್ಲದಿದ್ದರೂ ಹಬ್ಬವು ನಡೆದುಬಂದಿರುವುದು. ಶಿಶುನಾಳದ ಶರೀಫಸಾಹೇಬರು (೧೮೧೯–೧೮೮೯) ಅಲಾವಿ ಪದಗಳನ್ನು ಕಟ್ಟಿದಾಗ ಅವುಗಳಲ್ಲಿ ಕಳಸದ ಗೋವಿಂದಭಟ್ಟರ ಶಿಷ್ಯನ ತತ್ತ್ವವೂ ಕರ್ಬಲಾದ ಕಥೆಯೂ ಬೇರ್ಪಡಿಸಲಾಗದಂತೆ ಬೆರೆತುವು. ಎರಡನೆಯ ಅಭಿಪ್ರಾಯವು ಇದಕ್ಕಿಂತ ಹೆಚ್ಚು ಪ್ರಚಾರದಲ್ಲಿರುವುದು: ಹುಲಿವೇಷ, ಬಣ್ಣ, ಗೆಜ್ಜೆ, ಕುಣಿತಗಳನ್ನು ಕಂಡವರು, ಇಲ್ಲಿ ಶೋಕವೆಲ್ಲಿದೆ, ಇದು ಜಾತ್ರೆಯಷ್ಟೆ ಎನ್ನುವರು. ಪಾಶ್ಚಾತ್ಯ ಅಧಿಕಾರಿಗಳೂ ಹೀಗೆಯೇ ಭ್ರಮಿಸಿದುದುಂಟು.

ಈ ಭ್ರಮೆಗೆ ಕಾರಣವು ಹಾಡಿನ ರಚನೆಯಲ್ಲಿಯೇ ಇರುವುದು. ರಿವಾಯತ ಪದಕ್ಕೆ ಪಲ್ಲ, ನುಡಿ, ಚಾಲ, ಏರು, ಇಳುವುಗಳಿರುವುವು. ಇವು ಲಾವಣಿಯಿಂದ ಬಂದ ಅಂಗಗಳು. ಹೆಜ್ಜೆಮೇಳದವರು ಕಾಲಿಗೆ ಗೆಜ್ಜೆ ಕಟ್ಟಿ, ಕೈಯಲ್ಲಿ ಕರವಸ್ತ್ರ ಹಿಡಿದು, ಸುತ್ತುಗಟ್ಟಿ ಹೆಜ್ಜೆ ಹಾಕುತ್ತ ಹಾಡುವರು. ಧಾಟಿಯು ಬಹುಮಟ್ಟಿಗೆ ಚುರುಕು. ಎರಡು ಮೇಳಗಳು ಎದುರಾದರೆ ಸವಾಲು ಜವಾಬುಗಳ ಪಂತವೂ ಹತ್ತುವುದು. ಶಬ್ದಾರ್ಥವನ್ನು ಹಿಡಿಯದೆ ಧಾಟಿಯನ್ನಷ್ಟೇ ಕೇಳಿದವನಿಗೆ ಅದು ಹರ್ಷದ ಕುಣಿತವಾಗಿ ಕಾಣುವುದು ಸಹಜ. ಐರ್ಲೆಂಡಿನಲ್ಲಿ ಆದುದು ಇದಕ್ಕೆ ಸರಿ ವಿಪರ್ಯಾಸ. ಅಲ್ಲಿ ಸತ್ತವರ ಮುಂದೆ ಹಾಡುವ ಪದ್ಧತಿಯು ಹತ್ತೊಂಬತ್ತನೆಯ ಶತಮಾನದಿಂದೀಚೆಗೆ ಕ್ಷೀಣಿಸಿತು. ಆಡುನುಡಿಯಾಗಿದ್ದ ಗೇಲಿಕ್ ಭಾಷೆಯೇ ಬಹುಭಾಗದಲ್ಲಿ ಅಳಿಯಿತು. ಆದರೆ ಹಾಡಿನ ಧಾಟಿಗಳು ಚೀಲಕೊಳಲಿನ ಮೇಲೂ ಪಿಟೀಲಿನ ಮೇಲೂ ಉಳಿದುವು. ಕುಣಿತದ ತಾಳಕ್ಕೆ ಕಟ್ಟುಬೀಳದೆ, ಹಾಡಿದವರ ಉಸಿರಿನಂತೆ ಎಳೆದೆಳೆದು ನುಡಿಸುವ ಆ ವಿಳಂಬಗತಿಯ ನುಡಿಸಾಣಿಕೆಯಲ್ಲಿ ಮಾತಿಲ್ಲ, ಶೋಕವುಂಟು. ಬೆಲ್‌ಫಾಸ್ಟ್ ನಗರದಲ್ಲಿ ೧೭೯೨ರಲ್ಲಿ ನಡೆದ ಮುದಿ ಹಾರ್ಪ್‌ವಾದಕರ ಕೂಟಕ್ಕೆ ಎಡ್ವರ್ಡ್ ಬಂಟಿಂಗ್ ಎಂಬ ತರುಣನು ಹೋಗಿ ಅವರ ಧಾಟಿಗಳನ್ನು ಬರೆದುಕೊಂಡು ೧೭೯೬ರಲ್ಲಿ ಮೊದಲ ಸಂಪುಟವನ್ನು ಅಚ್ಚುಮಾಡಿಸಿದುದರಿಂದ ಆ ನಾಡಿನ ಹಳೆಯ ಸಂಗೀತದ ಒಂದು ಪಾಲು ಉಳಿಯಿತು. ಅಲ್ಲಿ ಮಾತು ಹೋಗಿ ಧಾಟಿ ಉಳಿಯಿತು. ಘಟಪ್ರಭೆಯ ದಡದಲ್ಲಿ ಅಳುವಿನ ಧಾಟಿ ಬಿಟ್ಟುಹೋಗಿ ಅಳುವಿನ ಮಾತು ಉಳಿಯಿತು. ಹೆಂಗಸಿನ ಉಸಿರಿನ ಲಯವನ್ನು ಗಂಡಸಿನ ಹೆಜ್ಜೆಯ ಲಯಕ್ಕೆ ಹೊಂದಿಸಿಕೊಂಡಾಗ ಹೀಗಾಗದೆ ವಿಧಿಯಿರಲಿಲ್ಲ. ಆದರೂ ಇಳುವಿನಲ್ಲಿ ಸ್ವರವು ಜಾರಿ ಬಂಧುವಾಚಕದ ಮೇಲೆ ನಿಲ್ಲುವ ಹಳೆಯ ಚಾಳಿಯು ಅಲ್ಲಲ್ಲಿ ತಲೆಯೆತ್ತುವುದನ್ನು ಕತಲರಾತ್ರಿಯ ಹಾಡುಗಳಲ್ಲಿ ಗಮನಿಸಬಹುದು.

ಇಲ್ಲಿ ಒಂದು ಆಕ್ಷೇಪವು ಏಳಬಹುದು. ಗಂಡಸರು ಹಾಡುವ ಪದಗಳನ್ನು ಹೆಂಗಸರ ಶೋಕಗೀತದ ಆಕರವೆಂದು ಹಿಡಿಯುವುದು ಯುಕ್ತವೇ? ಪದಗಾರನು ತಾನು ಕಂಡುದನ್ನು ತಿದ್ದಿರುವನು, ಸೇರಿಸಿರುವನು, ಪಂತಕ್ಕೆ ಬಿದ್ದು ಒಗಟುಗಳನ್ನು ಕೂಡ ತುರುಕಿರುವನು ಎಂಬುದು ನಿಜ. ಆದರೆ ಸ್ತ್ರೀಪರ್ವವನ್ನು ಬರೆದವರೂ ಗಂಡಸರೇ, ರನ್ನನೂ ಗಂಡಸೇ. ಮೂಲವು ಸಿಕ್ಕುವಂತಿಲ್ಲವಾದಾಗ ಅದರ ಪಡಿಯಚ್ಚುಗಳನ್ನು ಒಂದಕ್ಕೊಂದು ಹೋಲಿಸಿ ಮೂಲವನ್ನು ಊಹಿಸುವುದು ಸಂಶೋಧನೆಯ ಸಾಮಾನ್ಯ ಮಾರ್ಗ. ರನ್ನನ ದೂರುವಿಕೆಯಲ್ಲಿಯೂ ರಿವಾಯತ ಪದದ ದೂರುವಿಕೆಯಲ್ಲಿಯೂ ಸಮಾನವಾಗಿ ಕಾಣುವ ಅಂಶವು ಇಬ್ಬರಿಗೂ ಹಿಂದಿನದಾಗಿರಲೇಬೇಕು. ಹಳ್ಳಿಯ ಪದಗಾರನು ಗದಾಯುದ್ಧವನ್ನು ಓದಿದವನಲ್ಲ.

ಸಂಗ್ರಹದ ಕೆಲಸವು ಮಾತ್ರ ಹಿಂದುಳಿದಿರುವುದು. ಮೇಳದ ಹಿರಿಯರು ಹಾಡುಗಳನ್ನು ಕೈಬರೆಹದ ವಹಿಗಳಲ್ಲಿ ಬರೆದಿಟ್ಟುಕೊಳ್ಳುವರು. ಎದುರು ಮೇಳದವರ ಕಣ್ಣಿಗೆ ಬೀಳಬಾರದೆಂದು ಅವುಗಳನ್ನು ಹೊರಗೆ ತೋರಿಸುವುದಿಲ್ಲ. ಅವರು ತೀರಿಕೊಂಡ ಮೇಲೆ ವಹಿಯು ಗೆದ್ದಲಿಗೆ ಹೋಗುವುದು. ಕನ್ನಡನಾಡಿನ ಮೊಹರಮ್ಮಿನ ಆಚರಣೆಯನ್ನು ರಹಮತ್ ತರೀಕೆರೆಯವರಂಥ ವಿದ್ವಾಂಸರು ವಿಸ್ತಾರವಾಗಿ ಅಭ್ಯಸಿಸಿರುವರು. ತಾಲ್ಲೂಕುವಾರು ಪಾಠಗಳನ್ನು ಕೂಡಿಸಿ, ಯಾವ ನುಡಿ ಯಾವ ಊರಿನದು ಎಂದು ಗುರುತಿಸಿ, ಹೆಂಗಸರ ಅಳುವಿನ ನುಡಿಗಟ್ಟುಗಳೊಡನೆ ಪಂಕ್ತಿಪಂಕ್ತಿಯಾಗಿ ಹೋಲಿಸುವ ಕೆಲಸವು ಬೇರೆ. ಅದಕ್ಕೆ ಆ ಸೀಮೆಯ ಶಾಲೆಗಳ ಕನ್ನಡ ಉಪಾಧ್ಯಾಯರೇ ತಕ್ಕವರು. ಕಾಲವು ಅವರಿಗಾಗಿ ಕಾಯುವಂತೆ ಕಾಣುವುದಿಲ್ಲ. ದೇವರು ಕೂರಿಸುವುದು ಧರ್ಮಕ್ಕೆ ವಿರುದ್ಧವೆಂದು ಒಂದು ಕಡೆಯ ಶುದ್ಧಿವಾದಿಗಳು, ಅನ್ಯರ ಹಬ್ಬ ನಮಗೇಕೆಂದು ಇನ್ನೊಂದು ಕಡೆಯವರು. ಇಬ್ಬರ ನಡುವೆ ಮೇಳಗಳು ಸೊರಗುತ್ತಿರುವುವು. ಹಿಂದೆ ಸ್ಮೃತಿಯೂ ಹದೀಸೂ ಅಳಬೇಡವೆಂದಾಗ ಕೇಳದಿದ್ದ ಜನರು ಈಗ ಕೇಳತೊಡಗಿರುವುದು ವಿಚಿತ್ರ. ೨೦೨೦ ಮತ್ತು ೨೦೨೧ರಲ್ಲಿ ಸಾಂಕ್ರಾಮಿಕದ ನಿರ್ಬಂಧಗಳಿಂದ ಮೆರವಣಿಗೆಗಳು ನಿಂತುವು. ಆ ಎರಡು ವರ್ಷಗಳಲ್ಲಿ ಎಷ್ಟೋ ಮನೆಗಳ ಸಾವಿಗೂ ಹಾಡ್ಯಾಡಿ ಅಳುವವರು ಬರಲಾಗಲಿಲ್ಲ.

ಸಂಗ್ರಹಿಸುವವರು ಒಂದು ಸಂಗತಿಯನ್ನು ನೆನಪಿನಲ್ಲಿಡಬೇಕು. ಹಿಜರಿ ವರ್ಷಕ್ಕೆ ಅಧಿಕಮಾಸವಿಲ್ಲದ್ದರಿಂದ ಹಬ್ಬವು ವರ್ಷವರ್ಷವೂ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುವುದು. ಸುಮಾರು ಮೂವತ್ತಮೂರು ವರ್ಷಗಳಿಗೊಮ್ಮೆ ಋತುಚಕ್ರವನ್ನೆಲ್ಲ ಸುತ್ತಿಬರುವುದು. ೨೦೦೯ರಲ್ಲಿ ಡಿಸೆಂಬರ್ ಕೊನೆಯ ವಾರದ ಚಳಿಯಲ್ಲಿ ಬಂದ ಕತಲರಾತ್ರಿಯು ೨೦೨೫ರಲ್ಲಿ ಜುಲೈ ಮೊದಲ ವಾರದ ಮಳೆಯಲ್ಲಿ ಬಂದಿತು. ಕಾಮನೂ ಜೋಕುಮಾರನೂ ತಮ್ಮ ಋತುವನ್ನು ಬಿಟ್ಟು ಕದಲುವುದಿಲ್ಲ. ಈ ಅಳುವಾದರೋ ಬಿತ್ತುವ ಕಾಲಕ್ಕೂ ಸುಗ್ಗಿಯ ಕಾಲಕ್ಕೂ ಮದುವೆಯ ಕಾಲಕ್ಕೂ ಬರುವುದು. ಅಮಾವಾಸ್ಯೆ ಕಳೆದು ಚಂದ್ರದರ್ಶನವಾದ ದಿನದಿಂದ ಮೇಳಗಳು ಕೂಡಿ ಹಾಡತೊಡಗುವುವು. ಹತ್ತನೆಯ ದಿನ ಹೊಳೆಯಲ್ಲಿ ದಫನವಾಗಿ, ಹರಕೆ ಹೊತ್ತ ಫಕೀರರು ಕೊರಳ ಲಾಡಿಯನ್ನು ಬಿಚ್ಚಿದ ಮೇಲೆ, ಕುಣಿಗೆ ಮಣ್ಣು ಮುಚ್ಚಿ, ಮುಂದಿನ ವರ್ಷದ ಚಂದ್ರ ಕಾಣುವವರೆಗೆ ಆ ಪದಗಳನ್ನು ಹಾಡುವ ವಾಡಿಕೆಯು ಸಾಮಾನ್ಯವಾಗಿ ಇಲ್ಲ. ಬರೆದುಕೊಳ್ಳುವವರಿಗೆ ವರ್ಷಕ್ಕೆ ಹತ್ತು ದಿನಗಳ ಅವಕಾಶ.